ಬಾಲ ಕತ್ತರಿಸುವ ಎಂಟು ಸಾಲು

ಜನವರಿ 5, ಭಾನುವಾರ, ಹಾವೇರಿ

ಬೀಜದ ಕಂಪನಿಯವರು ಯಜಮಾನರಿಗೆ ಮೂರು ಡೈರಿ ಕೊಟ್ಟಿದ್ದಾರೆ. ಒಂದು ಅವರ ಅಂಗಡಿಗೆ ಹೋಯಿತು, ಇನ್ನೊಂದು ಕಪಾಟು ಸೇರಿತು, ಮೂರನೆಯದು ನನ್ನ ಪಾಲಿಗೆ ಬಂತು. ಪ್ರತಿ ಪುಟದ ಕೆಳಗೂ ಹತ್ತಿಗೆ ಯಾವ ಹುಳ, ಗೋವಿನಜೋಳಕ್ಕೆ ಯಾವ ಗೊಬ್ಬರ ಎಂದು ಉಪದೇಶ ಅಚ್ಚಾಗಿದೆ. ಉಪದೇಶ ಮಾಡುವುದೇ ನನ್ನ ಕಸುಬು ಕೂಡ, ಹಾಗಾಗಿ ನಮ್ಮಿಬ್ಬರ ಜೋಡಿ ಸರಿಯಾಗಿದೆ.

ಇದು ನನಗೊಬ್ಬಳಿಗೆ. ಇಲ್ಲಿ ಯಾರಿಗೂ ಏನನ್ನೂ ಕಲಿಸಬೇಕಾಗಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುತ್ತೇನೆ, ಅದು ಸಾಲದು ಎಂದು ಫೋನಿನಲ್ಲಿ ‘ದಿನಕ್ಕೊಂದು ತುಣುಕು’ ಎಂಬ ಚಾನೆಲ್ಲು ನಡೆಸುತ್ತೇನೆ. ಶುರು ಮಾಡಿ ಆರು ವರ್ಷವಾಯಿತು. ದಿನಾ ಬೆಳಿಗ್ಗೆ ಏಳಕ್ಕೆ ನಾಲ್ಕೈದು ಸಾಲಿನ ಕೋಡು, ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಎರಡು ಮಾತು. ಪಟ್ಟಿಯಲ್ಲಿ ಖಾಲಿ ಸಾಲು ತೆಗೆಯುವುದು ಹೇಗೆ, ತಾರೀಖು ತಿರುಗುಮುರುಗಾದರೆ ಸರಿಮಾಡುವುದು ಹೇಗೆ, ಇಂಥವು. ದೊಡ್ಡ ವಿದ್ಯೆ ಏನಲ್ಲ. ಪಂಚಾಯಿತಿಯ ಆಪರೇಟರುಗಳು, ಶಾಲೆಯ ಗುಮಾಸ್ತರು, ಬೀಜದ ಕಂಪನಿಗಳ ಆಫೀಸಿನಲ್ಲಿ ಕೂತವರು ಎಲ್ಲ ಸೇರಿ ಹನ್ನೊಂದು ಸಾವಿರ ಜನ ಓದುತ್ತಾರೆ.

ಹೋದ ವರ್ಷ ಎಲ್ಲಕ್ಕಿಂತ ಹೆಚ್ಚು ಓಡಿದ್ದು ‘ಬಾಲ ಕತ್ತರಿಸುವ ಎಂಟು ಸಾಲು’. ನಮ್ಮ ಕಡೆಯ ಹೆಸರಿಗೆ ಬಾಲ ಇರುತ್ತದೆ. ಒಂದು ಪಟ್ಟಿಯಲ್ಲಿ ರಹಿಮಾನಸಾಬ ಎಂದಿದ್ದವನು ಇನ್ನೊಂದರಲ್ಲಿ ಬರೀ ರಹಿಮಾನ. ಇಲ್ಲಿ ಪ್ರೇಮವ್ವ, ಅಲ್ಲಿ ಪ್ರೇಮಾ. ಎರಡು ಪಟ್ಟಿ ಕೂಡಿಸಿದರೆ ಒಬ್ಬರೇ ಇಬ್ಬರಾಗಿ ನಿಲ್ಲುತ್ತಾರೆ. ನನ್ನ ಎಂಟು ಸಾಲು ಹೆಸರಿನ ಕೊನೆಯ ಅಪ್ಪ, ಅವ್ವ, ಗೌಡ, ಸಾಬ, ಬಿ ಎಲ್ಲ ಕತ್ತರಿಸಿ, ಉಳಿದ ಹೆಸರು, ಅಡ್ಡಹೆಸರು, ಊರು, ಫೋನು ಹೊಂದಿಕೆಯಾದರೆ ಮೇಲಿನದನ್ನು ಉಳಿಸಿ ಕೆಳಗಿನದನ್ನು ತೆಗೆದುಹಾಕುತ್ತದೆ. ಬೆಂಗಳೂರಿನಲ್ಲಿ ಕೂತು ಕೋಡು ಬರೆಯುವವರಿಗೆ ಇದು ಹೊಳೆಯುವುದಿಲ್ಲ. ಅವರಿಗೆ ನಮ್ಮ ಹೆಸರು ಉಚ್ಚರಿಸುವುದೇ ತ್ರಾಸು.

ಬೆನ್ನು ತಟ್ಟಿಕೊಳ್ಳುತ್ತಿದ್ದೇನೆ ಎಂದು ಗೊತ್ತು. ನನ್ನ ಡೈರಿ, ನನ್ನ ಬೆನ್ನು. ಯಜಮಾನರು, ಎಂದರೆ ವಿಜಯಮಹಾಂತೇಶ, ರಾಣೆಬೆನ್ನೂರಿನ ಅಂಗಡಿಯಿಂದ ಈಗಷ್ಟೇ ಬಂದು ಇಣುಕಿ ನೋಡಿ, ‘ಪುಷ್ಪಲತಾ ಅನ್ನೂ ಹೆಸರಿಗಿ ಬಾಲಿಲ್ಲ. ಅದಕ್ಕ ನಿನಗ ಮಂದಿ ಬಾಲದ ಮ್ಯಾಲ ಕಣ್ಣು’ ಎಂದು ಹೇಳಿ ಹೋದರು.

ಜನವರಿ 9, ಗುರುವಾರ

ಇವತ್ತಿನ ತುಣುಕು: ಏನನ್ನಾದರೂ ಅಳಿಸುವ ಮೊದಲು ಮೂಲದ ನಕಲು ಇಟ್ಟುಕೊಳ್ಳಿ. ಕೋಡು ಎರಡೇ ಸಾಲು. ಆರು ವರ್ಷದಲ್ಲಿ ಇಪ್ಪತ್ತು ಸಾರಿಯಾದರೂ ಹೇಳಿರಬೇಕು. ಆದರೂ ವಾರಕ್ಕೊಬ್ಬರು, ಮೇಡಂ ಇಡೀ ಹಾಳೆ ಹೋಯಿತು ಎಂದು ಅಳುತ್ತ ಬರುತ್ತಾರೆ. ಬುದ್ಧಿ ಹೇಳಲು ನನಗೆ ಬೇಸರವಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿಸಿಕೊಳ್ಳುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಜನವರಿ 18, ಶನಿವಾರ

ಅಫ್ರೀನ್ ಬಂದಿದ್ದಳು. ಹನ್ನೆರಡು ವರ್ಷದ ಹಿಂದೆ ನನ್ನ ಕೈಯಲ್ಲಿ ಡಿಪ್ಲೊಮಾ ಕಲಿತವಳು. ಈಗ ಎರಡು ಮಕ್ಕಳ ತಾಯಿ, ರಾಣೆಬೆನ್ನೂರಿನಲ್ಲಿ ಒಂದು ಟ್ರಸ್ಟಿನ ಕಣ್ಣಿನ ಆಸ್ಪತ್ರೆಯಲ್ಲಿ ದಾಖಲೆ ನೋಡಿಕೊಳ್ಳುತ್ತಾಳೆ. ಕೂತವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

‘ಅಕ್ಕಾರ, ನಾನೂರಾ ಹನ್ನೆರಡನೇ ಸಾಲು ಹೋಗಿಬಿಟ್ಟೈತ್ರಿ,’ ಎಂದಳು ಕೊನೆಗೆ.

ಆದದ್ದು ಇಷ್ಟು. ಹೋದ ಜೂನಿನಲ್ಲಿ ಆಸ್ಪತ್ರೆಯವರು ಬ್ಯಾಡಗಿಯಲ್ಲಿ ಕಣ್ಣಿನ ಶಿಬಿರ ಮಾಡಿದರು. ಸ್ವಯಂಸೇವಕರ ಪಟ್ಟಿ ಒಂದು, ಆಸ್ಪತ್ರೆಯ ಪಟ್ಟಿ ಒಂದು. ಅಫ್ರೀನ್ ಎರಡನ್ನೂ ಕೂಡಿಸಿ ನನ್ನ ಎಂಟು ಸಾಲು ಓಡಿಸಿದಳು. ತೊಂದರೆ ಇದ್ದವರಿಗೆ ಜುಲೈನಲ್ಲಿ ಫೋನು ಮಾಡಿ ಕರೆಯುವುದು ಎಂದು ಠರಾವು. ಶಿಬಿರಕ್ಕೆ ಒಂದೇ ಮನೆಯಿಂದ ಅವಳಿ ಅಣ್ಣತಂಗಿ ಬಂದಿದ್ದರು, ಕರಬಸಪ್ಪ ಮತ್ತು ಕರಬಸವ್ವ. ತಂಗಿ ಗಂಡ ತೀರಿದ ಮೇಲೆ ತವರಿನಲ್ಲೇ ಇರುವವಳು, ಅಡ್ಡಹೆಸರೂ ತವರಿನದೇ ಬರೆಸಿದ್ದಾಳೆ. ಫೋನು ಒಂದೇ, ಊರು ಒಂದೇ. ಬಾಲ ಕತ್ತರಿಸಿದ ಮೇಲೆ ಇಬ್ಬರೂ ಕರಬಸ. ಮೇಲಿನ ಸಾಲಿನ ಅಣ್ಣ ಉಳಿದ, ಕೆಳಗಿನ ನಾನೂರಾ ಹನ್ನೆರಡನೇ ಸಾಲಿನ ತಂಗಿ ಹೋದಳು.

ಅಣ್ಣನಿಗೆ ಫೋನು ಹೋಯಿತು, ಅವನ ಕಣ್ಣಿನ ಪೊರೆ ತೆಗೆದರು. ತಂಗಿಯ ಕಣ್ಣಿನೊಳಗಿನ ಒತ್ತಡ ಶಿಬಿರದಲ್ಲಿ ಅಳೆದಾಗಲೇ ಮೂವತ್ತೆಂಟು ಇತ್ತು, ಇಪ್ಪತ್ತೊಂದರ ಒಳಗಿರಬೇಕಾದದ್ದು. ಅವಳಿಗೆ ಯಾರೂ ಫೋನು ಮಾಡಲಿಲ್ಲ. ಮೊನ್ನೆ ಅಣ್ಣ ತಪಾಸಣೆಗೆ ಬಂದಾಗ ಜೊತೆಗೆ ಬಂದವಳು ಬಾಗಿಲ ಚೌಕಟ್ಟಿಗೆ ಹಾಯ್ದು ಬಿದ್ದಳಂತೆ. ಡಾಕ್ಟರು ಹಿಡಿದು ಕೂರಿಸಿ ನೋಡಿದರೆ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಸ್ವಲ್ಪ ಉಳಿದಿದೆ.

‘ಹೆಣ್ಣೋ ಗಂಡೋ ಅನ್ನೂ ಕಾಲಮ್ಮು ಇತ್ತಲ್ಲ, ಅದನ್ನ ನೋಡಬೇಕಿಲ್ಲೇನು?’ ಎಂದೆ.

‘ನಿಮ್ಮ ಎಂಟು ಸಾಲಿನ್ಯಾಗ ಅದು ಇಲ್ರಿ, ಅಕ್ಕಾರ.’

‘ಅದು ಭಾಳ ಪಟ್ಟಿನ್ಯಾಗ ಖಾಲಿ ಇರ್ತೈತಿ, ಅದಕ್ಕ ಬಿಟ್ಟೇನಿ. ಹಚ್ಚೋರಿಗಿ ತಲಿ ಇರಬೇಕಲ್ಲ.’

ಅವಳು ಚಹಾ ಮುಟ್ಟದೆ ಎದ್ದು ಹೋದಳು. ಡಾಕ್ಟರಿಗೆ ಪಟ್ಟಿಯಲ್ಲಿ ತಪ್ಪಾಗಿದೆ ಎಂದಷ್ಟೇ ಹೇಳಿದ್ದಾಳಂತೆ, ನನ್ನ ಹೆಸರು ಎತ್ತಿಲ್ಲ. ನಾನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕತ್ತರಿ ಮಾರಿದವನು ಬಟ್ಟೆ ಕೆಟ್ಟರೆ ಹೊಣೆಯೇ?

ಜನವರಿ 19, ಭಾನುವಾರ

ಅಫ್ರೀನ್ ಮೂಲದ ನಕಲು ಇಟ್ಟುಕೊಂಡಿದ್ದಳು. ಕಳಿಸು ಎಂದೆ, ಕಳಿಸಿದಳು. ನನ್ನ ಎಂಟು ಸಾಲು ನೂರಾ ಮೂವತ್ತೊಂದು ಹೆಸರು ತೆಗೆದಿದೆ. ಒಂದೊಂದನ್ನೂ ಕಣ್ಣಿಂದಲೇ ನೋಡಿದೆ. ನೂರಾ ಇಪ್ಪತ್ತೆರಡು ಖರೇ ಎರಡೆರಡು ಸಾರಿ ಬಂದವು. ಒಂಬತ್ತು ಅಲ್ಲ. ಗಂಡಹೆಂಡತಿ, ಅಣ್ಣತಂಗಿ, ಅಪ್ಪಮಗಳು. ಒಂಬತ್ತರಲ್ಲಿ ಎಂಟು ಜನಕ್ಕೆ ಬರೀ ಚಷ್ಮಾ ಬೇಕಿತ್ತು.

ಕೋಡಿನಲ್ಲಿ ತಪ್ಪಿಲ್ಲ. ನಾನು ಏನು ಮಾಡು ಎಂದು ಹೇಳಿದ್ದೆನೋ ಅದನ್ನೇ ಮಾಡಿದೆ. ಊಟ ಸೇರಲಿಲ್ಲ.

ಜನವರಿ 22, ಬುಧವಾರ

ರಜೆ ಹಾಕಿ ರಾಣೆಬೆನ್ನೂರಿಗೆ ಹೋದೆ. ಡಾಕ್ಟರು ಹೆಂಗಸು, ಚಿಕ್ಕ ವಯಸ್ಸಿನವರು. ಕಣ್ಣಿನ ಪೊರೆ ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳಿದರು. ಒತ್ತಡ ಏರಿ ಒಳಗಿನ ನರ ಸಾಯುತ್ತ ಹೋಗುತ್ತದೆ, ನೋವು ಇರುವುದಿಲ್ಲ. ನೋಟ ಅಂಚಿನಿಂದ ಮಾಯವಾಗುತ್ತ ಕೊನೆಗೆ ಕೊಳವೆಯಲ್ಲಿ ನೋಡಿದ ಹಾಗೆ ಆಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಜುಲೈನಲ್ಲಿ ಬಂದಿದ್ದರೆ ದಿನಾ ಎರಡು ಹೊತ್ತು ಹನಿ ಹಾಕಿಕೊಂಡೇ ಎರಡೂ ಕಣ್ಣು ಉಳಿಯುತ್ತಿದ್ದವು.

‘ಈಗ?’ ಎಂದೆ.

‘ಬಲಗಣ್ಣಿಗೆ ಒಂದು ಆಪರೇಶನ್ ಮಾಡಿ ನೋಡೋಣ್ರಿ. ಇದ್ದದ್ದು ಉಳಿದರ ದೊಡ್ಡದು. ನೀವು ಅವರಿಗಿ ಏನಾಗಬೇಕು?’

ಅಫ್ರೀನಳ ಟೀಚರ್ ಎಂದೆ. ಸುಳ್ಳಲ್ಲ.

ಜನವರಿ 26, ಭಾನುವಾರ

ಕಾಲೇಜಿನಲ್ಲಿ ಧ್ವಜ ಹಾರಿಸಿ ಸಿಹಿ ಹಂಚಿ, ಅಲ್ಲಿಂದಲೇ ಬ್ಯಾಡಗಿ ಬಸ್ಸು ಹತ್ತಿದೆ. ಯಾಕೆ ಹೋದೆನೋ ಗೊತ್ತಿಲ್ಲ. ಇಳಿಯುವಷ್ಟರಲ್ಲಿ ಸೀನು ಶುರುವಾಯಿತು. ಸುಗ್ಗಿ, ಊರೆಲ್ಲ ಮೆಣಸಿನಕಾಯಿ ಘಾಟು.

ಕರಬಸವ್ವ ಮನೆಯ ಮುಂದಿನ ಅಂಗಳದಲ್ಲಿ ನಾಲ್ಕೈದು ಜನರ ನಡುವೆ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಉಳಿದವರಿಗಿಂತ ಅವಳ ಕೈಯೇ ಚುರುಕು. ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಅಣ್ಣ ಮಾರುಕಟ್ಟೆಯಲ್ಲಿ ಚೀಲ ಹೊಲಿಯುವವನು, ನನ್ನನ್ನು ನೋಡಿ ಮಣೆ ಹಾಕಿದ.

‘ಯಾರ ಬಂದಾರ?’ ಎಂದು ಅವಳು ತಲೆ ಎತ್ತಿದಳು.

‘ದವಾಖಾನಿ ಅಕ್ಕಾರು,’ ಎಂದ ಅಣ್ಣ. ನಾನು ತಿದ್ದಲಿಲ್ಲ.

‘ಕುಂದ್ರಿ ಅಕ್ಕಾರ. ಘಾಟ ಹತ್ತಿತೇನು? ಸೆರಗ ಮೂಗಿಗಿ ಹಿಡಕೋರಿ.’

ಕಣ್ಣು ಮಬ್ಬಾಗಿದ್ದು ಗೊತ್ತಾಗಲಿಲ್ಲವೇ ಎಂದು ಕೇಳಿದೆ. ‘ಬಲ್ಬಿನ ಬೆಳಕ ಸಣ್ಣದಾಗೈತಿ ಅಂತ ಮಾಡಿದ್ನಿ,’ ಎಂದಳು. ‘ಕೆಲಸಕ್ಕ ಕಣ್ಣ ಎಲ್ಲಿ ಬೇಕ್ರಿ, ಬೆರಳ ನೋಡ್ತಾವು. ಇವಗ ಫೋನ್ ಬಂತು, ನನಗ ಬರಲಿಲ್ಲ. ನನ್ನ ಕಣ್ಣ ಚಲೋ ಅದಾವು, ಅದಕ್ಕ ಕರದಿಲ್ಲ ಅಂತ ತಿಳಕೊಂಡ್ನಿ. ಆವತ್ತ ಓಣಿಗೆಲ್ಲ ಸಕ್ಕರಿ ಹಂಚೇನ್ರಿ.’

ಪಕ್ಕದ ಹೆಂಗಸರು ಹೌದು ಹೌದು, ನಾವೂ ತಿಂದೇವಿ ಎಂದು ನಕ್ಕರು. ಎಂಟು ಸಾಲಿನ ಮಾತನ್ನು ನಾನು ಎತ್ತಲಿಲ್ಲ. ಆಸ್ಪತ್ರೆಯವರು ಕೊಟ್ಟ ಹನಿಯ ಸೀಸೆ ತೋರಿಸಿ, ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಎಂದು ಅಣ್ಣನಿಗೆ ಮೂರು ಸಾರಿ ಹೇಳಿಸಿ ಬಂದೆ. ಅವನು ಮರೆಯುವ ಜಾತಿ. ಬೆಳಿಗ್ಗೆ ಹೊತ್ತು ನಾನೇ ಫೋನು ಮಾಡಿ ನೆನಪಿಸುತ್ತೇನೆ ಎಂದೆ. ಆಪರೇಶನ್ ಆಗುವ ತನಕ ಅಷ್ಟೇ.

ಫೆಬ್ರವರಿ 2, ಭಾನುವಾರ

ಚಾನೆಲ್ಲಿನಲ್ಲಿ ತಿದ್ದುಪಡಿ ಹಾಕಿದೆ. ‘ಬಾಲ ಕತ್ತರಿಸುವ ಎಂಟು ಸಾಲು ಬಳಸಬೇಡಿ. ನಮ್ಮ ಕಡೆ ಒಂದೇ ಮನೆಯಲ್ಲಿ ಒಂದೇ ದೇವರ ಹೆಸರು ಗಂಡಿಗೂ ಹೆಣ್ಣಿಗೂ ಇಡುತ್ತಾರೆ. ಬಾಲವೇ ಅವರ ಗುರುತು. ಇದು ನನಗೆ ಗೊತ್ತಿದ್ದೂ ಮರೆತೆ.’ ಹತ್ತು ಸಾರಿ ಬರೆದು ಅಳಿಸಿದ ಮೇಲೆ ಇಷ್ಟು ಉಳಿಯಿತು.

ಸಂಜೆಯ ತನಕ ನಾನೂರು ಜನ ನೋಡಿದ್ದಾರೆ. ಎಂಟು ಸಾಲನ್ನು ನೋಡಿದವರು ಮೂವತ್ತೊಂದು ಸಾವಿರ. ಅದು ಈಗ ನನ್ನ ಚಾನೆಲ್ಲಿನಲ್ಲಷ್ಟೇ ಇಲ್ಲ. ಫೋಟೋ ತೆಗೆದು ಹಂಚಿದ್ದಾರೆ, ಯಾರೋ ವಿಡಿಯೋ ಮಾಡಿ ತನ್ನದೆಂದು ಹಾಕಿಕೊಂಡಿದ್ದಾನೆ. ಅವನಿಗೆ ಬರೆದೆ. ‘ನೂರರಲ್ಲಿ ಒಂದು ಹಂಗ ಆಗ್ತದ, ಬಿಡ್ರಿ ಮೇಡಂ,’ ಎಂದು ಉತ್ತರ ಬಂತು. ಮುಂದೆ ಕೈಮುಗಿದ ಚಿತ್ರ.

ಫೆಬ್ರವರಿ 4, ಮಂಗಳವಾರ

ಗುತ್ತಲದಿಂದ ಸಲಾವುದ್ದೀನ ಎಂಬವರು ಫೋನು ಮಾಡಿದ್ದರು. ಯಾವುದೋ ಸಂಘದಲ್ಲಿ ಆಪರೇಟರು. ಹೋದ ವರ್ಷ ಹೊಲಿಗೆ ಮಷೀನಿಗೆ ಅರ್ಜಿ ಹಾಕಿದವರ ಪಟ್ಟಿಗೆ ನನ್ನ ಎಂಟು ಸಾಲು ಹಚ್ಚಿದ್ದರಂತೆ.

‘ಯಾರ ಹೆಸರು ಹೋಗ್ಯಾವೋ ನೋಡೂದು ಹೆಂಗ್ರಿ ಮೇಡಂ?’

‘ಮೂಲ ಪಟ್ಟಿ ಇಟ್ಟೀರೇನು?’

‘ಇಲ್ರಿ.’

‘ಹಂಗಾದ್ರ ನೋಡಾಕ ಬರೂದಿಲ್ರಿ,’ ಎಂದೆ.

ಬೈಯ್ದಿದ್ದರೆ ಚೆನ್ನಾಗಿತ್ತು. ಪಾಪ, ಉಪಕಾರ ಆತ್ರಿ ಎಂದು ಹೇಳಿ ಇಟ್ಟರು. ಎಷ್ಟು ಊರು, ಎಷ್ಟು ಪಟ್ಟಿ, ಎಷ್ಟು ಜನ ತಮ್ಮನ್ನು ಕರೆಯಲಿಲ್ಲ ಎಂದುಕೊಂಡು ಮನೆಯಲ್ಲಿ ಕೂತಿದ್ದಾರೋ. ಲೆಕ್ಕ ಹಾಕಲು ಒಂದು ದಾರಿಯೂ ಇಲ್ಲ. ಮೂವತ್ತು ವರ್ಷ ಈ ವಿದ್ಯೆಯಲ್ಲಿ ಕಳೆದಿದ್ದೇನೆ, ದಾರಿಯೇ ಇಲ್ಲ ಎನ್ನುವ ಮಾತನ್ನು ನಾನು ಯಾರಿಗೂ ಹೇಳಿದವಳಲ್ಲ.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಏಳಕ್ಕೆ ಫೋನು ಮಾಡಿ ಕರಬಸಪ್ಪನಿಂದ ಹನಿ ಹಾಕಿಸಿದೆ. ತುಣುಕು ಹಾಕಲು ಹೊತ್ತು ಸಿಗಲಿಲ್ಲ.

ಫೆಬ್ರವರಿ 12, ಬುಧವಾರ, ರಾಣೆಬೆನ್ನೂರು

ಆಪರೇಶನ್ ಆಯಿತು. ಕಣ್ಣಿನೊಳಗಿನ ನೀರು ಹೊರಗೆ ಹೋಗಲು ಸಣ್ಣದೊಂದು ದಾರಿ ಮಾಡುತ್ತಾರಂತೆ. ಮುಕ್ಕಾಲು ಗಂಟೆ ಹಿಡಿಯಿತು. ಕರಬಸಪ್ಪ ಕಾರಿಡಾರಿನಲ್ಲಿ ಕೂತು ಚೀಲದ ದಾರ ಗಂಟು ಹಾಕುವುದು, ಬಿಚ್ಚುವುದು ಮಾಡುತ್ತಿದ್ದ. ಅವನ ಪೊರೆ ತೆಗೆದ ಕಣ್ಣು ಚೆನ್ನಾಗಿದೆ. ಅದನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆ. ‘ನನಗ ಇಷ್ಟ ಚಲೋ ಕಾಣೂದ ಬ್ಯಾಡಾಗಿತ್ರಿ,’ ಎಂದ.

ಅಫ್ರೀನಳನ್ನು ದಾಖಲೆಯ ಕೆಲಸದಿಂದ ತೆಗೆದು ಚೀಟಿ ಕೊಡುವ ಕಿಟಕಿಗೆ ಕೂರಿಸಿದ್ದಾರೆ. ಅದು ನನಗೆ ಇವತ್ತೇ ತಿಳಿದದ್ದು. ನೇರ ಡಾಕ್ಟರ ಕೋಣೆಗೆ ಹೋಗಿ, ಆ ಎಂಟು ಸಾಲು ಬರೆದವಳು ನಾನು, ಅವಳದೇನೂ ತಪ್ಪಿಲ್ಲ ಎಂದೆ. ಅವರು ಚಷ್ಮಾ ತೆಗೆದು ಒರೆಸಿಕೊಂಡರು.

‘ನೀವು ಬರೆದಿರಬಹುದು. ಪಟ್ಟಿ ನಮ್ಮದು, ಸಹಿ ನಂದು. ಯಾರದು ತಪ್ಪು ಅಂತ ಹುಡುಕೂದ್ರಿಂದ ಆ ನರ ಜೀವ ಆಗೂದಿಲ್ಲ, ಮೇಡಂ.’

ಬೈಗುಳ ತಿನ್ನಲು ಹೋದವಳಿಗೆ ಅದೂ ಸಿಗಲಿಲ್ಲ. ಅಫ್ರೀನ್ ಕಿಟಕಿಯಿಂದ ನೋಡಿದಳು. ಅವಳ ಬಳಿ ಹೋಗಿ, ಅವತ್ತು ನಾನು ಆಡಿದ ಮಾತು ಕೆಟ್ಟದು ಎಂದೆ. ‘ಸಾಲು ಭಾಳ ಐತ್ರಿ ಅಕ್ಕಾರ, ಆಮ್ಯಾಲ ಬರ್ರಿ,’ ಎಂದಳು. ಖರೇನೇ ಸಾಲು ಉದ್ದವಿತ್ತು.

ಫೆಬ್ರವರಿ 20, ಗುರುವಾರ

ಕರಬಸವ್ವನ ಕಣ್ಣಿನ ಪಟ್ಟಿ ಬಿಚ್ಚಿ ವಾರವಾಯಿತು. ಒತ್ತಡ ಹದಿನಾರಕ್ಕೆ ಇಳಿದಿದೆ. ಎರಡು ಅಡಿ ದೂರದಿಂದ ಬೆರಳು ಎಣಿಸುತ್ತಾಳೆ. ನನ್ನ ಸೀರೆಯ ಬಣ್ಣ ಹೇಳಿದಳು, ಹಸಿರು ಎಂದು. ನೀಲಿ, ಆದರೆ ಹಸಿರಿಗೆ ಹತ್ತಿರದ ನೀಲಿ. ಬಸ್ಸಿನಲ್ಲಿ ನನಗೆ ಹಾಡು ಗುನುಗಬೇಕೆನಿಸಿತು. ನನ್ನ ದನಿಗೆ ಅದು ತಕ್ಕದ್ದಲ್ಲ ಎಂದು ಸುಮ್ಮನಾದೆ.

ಮಾರ್ಚ್ 9, ಭಾನುವಾರ

ಹೇಳಿದೆ.

ಬ್ಯಾಡಗಿಯಲ್ಲಿ ಅವರ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದೆವು. ಕರಬಸವ್ವ ಈಗಲೂ ತಾನೇ ರೊಟ್ಟಿ ತಟ್ಟುತ್ತಾಳೆ. ಹೆಂಚು ಕಾದಿದೆಯೋ ಇಲ್ಲವೋ ಎಂದು ಮೇಲೆ ಅಂಗೈ ಹಿಡಿದು ನೋಡುತ್ತಾಳೆ. ನನ್ನ ಗಂಡನ ಮನೆಯ ಊರು ಯಾವುದು, ಮಕ್ಕಳು ಎಷ್ಟು ಎಂದು ಕೇಳಿದಳು. ಮಕ್ಕಳಿಲ್ಲ ಎಂದರೆ ಸಾಮಾನ್ಯವಾಗಿ ಜನ ಮಾತು ಬದಲಿಸುತ್ತಾರೆ. ಇವಳು ‘ನನಗೂ ಇಲ್ಲ’ ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅವಳ ಗಂಡ ಚಹಾಕ್ಕೆ ಬೆಲ್ಲವೇ ಬೇಕೆನ್ನುತ್ತಿದ್ದನಂತೆ, ಸಕ್ಕರೆ ಹಾಕಿದರೆ ಲೋಟ ತಿರುಗಿಸಿ ಇಡುತ್ತಿದ್ದನಂತೆ. ಆಮೇಲೆ ನಾನು ದವಾಖಾನೆಯವಳಲ್ಲ, ಕಾಲೇಜಿನವಳು ಎಂದು ಶುರು ಮಾಡಿದೆ. ಕೋಡು ಎಂದರೆ ಏನು ಎಂದು ಹೇಗೆ ಹೇಳುವುದು? ಮಷೀನಿಗೆ ನಾನು ಒಂದು ಅಪ್ಪಣೆ ಬರೆದಿದ್ದೆ, ಹೆಸರಿನ ಕೊನೆಯ ಅಪ್ಪ, ಅವ್ವ ತೆಗೆದು ನೋಡು, ಒಂದೇ ಇದ್ದರೆ ಒಬ್ಬರನ್ನು ಬಿಡು ಎಂದು. ನಿನ್ನ ಅಣ್ಣನದೂ ನಿನ್ನದೂ ಒಂದೇ ಆಯಿತು, ನಿನ್ನ ಹೆಸರು ಬಿಟ್ಟುಹೋಯಿತು, ಅದಕ್ಕೇ ಫೋನು ಬರಲಿಲ್ಲ ಎಂದೆ.

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಬೈಯುತ್ತಾಳೆ ಎಂದು ಕಾದೆ.

‘ನಮ್ಮವ್ವ ಹಡದಾಗ ಎರಡೂ ಕೂಸು ಬದಕೂದಿಲ್ಲ ಅಂದಿದ್ರಂತ. ಅದಕ್ಕ ಕರಬಸಪ್ಪ ದೇವರಿಗಿ ಹರಕಿ ಹೊತ್ತು ಇಬ್ಬರಿಗೂ ಒಂದ ಹೆಸರ ಇಟ್ಲು,’ ಎಂದಳು. ‘ನನಗ ಬ್ಯಾರೆ ಹೆಸರ ಇಟ್ಟಿದ್ರ ಆಗ್ತಿತ್ತಲ್ರಿ.’

‘ಹೆಸರಿನ್ಯಾಗ ತಪ್ಪಿಲ್ಲ ಕರಬಸವ್ವ. ತಪ್ಪು ನಂದು.’

‘ನೀವ ಎಲ್ಲಾರಿಗೂ ಅಂತ ಬರದೀರಿ. ನನ್ನ ನೋಡಿ ಬರದೀರೇನು? ನಮ್ಮವ್ವ ನಮ್ಮನ್ನ ನೋಡಕೊಂಡ ಹೆಸರ ಇಟ್ಟಾಳ.’

ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ, ಅಥವಾ ನನಗೇ ಹೇಳಲು ಬರಲಿಲ್ಲ. ಕಲಿಸುವುದೇ ಕಸುಬು ಎಂದು ಬೀಗುವವಳು ಒಂದು ಸಣ್ಣ ಸಂಗತಿ ತಿಳಿಸಲಾಗದೆ ಎದ್ದು ಬಂದೆ. ಅರವತ್ತು ವರ್ಷ ತಾಯಿಯನ್ನು ನೆನೆದು ಕೈ ಮುಗಿದವಳು, ಇವತ್ತು ಆ ತಾಯಿಯ ಮೇಲೆ ಮುನಿಸಿಕೊಂಡು ಕೂತಿದ್ದಾಳೆ. ಇದನ್ನೂ ನಾನೇ ಮಾಡಿದೆ.

ಮಾರ್ಚ್ 16, ಭಾನುವಾರ

ಬ್ಯಾಡಗಿ. ಎದುರಿಗೆ ಇಟ್ಟ ನೀರಿನ ತಂಬಿಗೆಗೆ ಅವಳ ಕೈ ತಾಗಿ ಉರುಳಿತು. ಇಬ್ಬರೂ ನೋಡದವರ ಹಾಗೆ ಮಾಡಿದೆವು, ಅಣ್ಣನೂ ನಾನೂ.

ಮಾರ್ಚ್ 24, ಸೋಮವಾರ

ಒತ್ತಡ ಮತ್ತೆ ಏರಿ ಮೂವತ್ತು ದಾಟಿದೆ. ಮಾಡಿದ ದಾರಿ ಒಳಗೇ ಮುಚ್ಚಿಕೊಂಡಿದೆಯಂತೆ, ಕೆಲವರಿಗೆ ಹಾಗಾಗುತ್ತದಂತೆ. ಡಾಕ್ಟರು ಟಾರ್ಚು ಹಿಡಿದು ಬಲಗಣ್ಣಿಗೆ ಬಿಟ್ಟರು.

‘ಏನ ಕಾಣತೈತಿ?’

‘ಬೆಳಕು.’

‘ಯಾವ ಕಡೆ ಐತಿ?’

ಅವಳು ಕೈ ಎತ್ತಿ ಕಿಟಕಿಯ ಕಡೆ ತೋರಿಸಿದಳು. ಟಾರ್ಚು ಅವಳ ಮುಖದ ಮುಂದೆಯೇ ಇತ್ತು.

ಡಾಕ್ಟರು ಅದನ್ನು ಆರಿಸಿ ಕಿಸೆಯಲ್ಲಿ ಇಟ್ಟುಕೊಂಡರು. ಹುಬ್ಬಳ್ಳಿಗೆ ಹೋಗೋಣವೇ ಎಂದು ಕೇಳಿದೆ. ‘ಕರಕೊಂಡು ಹೋಗ್ರಿ, ನಾನ ಬರದು ಕೊಡ್ತೇನಿ. ಆದ್ರ ನರ ಹೋಗೇತ್ರಿ. ಅವರೂ ಇದನ್ನ ಹೇಳ್ತಾರ,’ ಎಂದರು.

ಮಾರ್ಚ್ 27, ಗುರುವಾರ

ಹುಬ್ಬಳ್ಳಿಯಲ್ಲೂ ಅದನ್ನೇ ಹೇಳಿದರು.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್. ಬೇವುಬೆಲ್ಲ ಬ್ಯಾಡಗಿಯಲ್ಲೇ ತಿಂದೆ. ಯಜಮಾನರೂ ಬಂದಿದ್ದರು. ಹಬ್ಬದ ದಿನ ಮನೆ ಬಿಟ್ಟು ಹೋಗುತ್ತೀಯಾ ಎಂದು ಮೊದಲು ಗೊಣಗಿದರು, ಆಮೇಲೆ ತಾವೇ ಅಂಗಿ ಹಾಕಿಕೊಂಡು ಹೊರಟರು. ಕರಬಸವ್ವನಿಗೆ ಹೊಸ ಸೀರೆ ಒಯ್ದಿದ್ದೆ. ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ‘ಇಳಕಲ್ಲೇನು?’ ಎಂದಳು. ಹೌದು. ಬಣ್ಣ ಯಾವುದು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಹೇಳಬೇಕಿತ್ತಲ್ಲ ಎಂದು ಅಳು ಬಂತು. ಯಜಮಾನರು ಯಾವ ತಮಾಷೆಯನ್ನೂ ಮಾಡದೆ ಕರವಸ್ತ್ರ ಕೊಟ್ಟರು.

ಇವತ್ತು ಮಧ್ಯಾಹ್ನ ಅಫ್ರೀನ್ ಡಬ್ಬಿಯಲ್ಲಿ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ತಂದಿದ್ದಳು. ಜನವರಿಯ ನಂತರ ನಮ್ಮ ಮನೆಗೆ ಇದೇ ಮೊದಲು. ಈ ಸಾರಿ ಚಹಾ ಕುಡಿದಳು. ದಾಖಲೆಯ ಕೆಲಸಕ್ಕೆ ಮತ್ತೆ ಕರೆದರೂ ಹೋಗುವುದಿಲ್ಲವಂತೆ.

‘ಯಾಕ?’

‘ಹೆಸರ ಅಳಸೂ ಗುಂಡಿ ಒತ್ತಾಕ ಕೈ ಬರೂದಿಲ್ರಿ, ಅಕ್ಕಾರ.’

ಚಾನೆಲ್ಲು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದಳು. ನಿಲ್ಲಿಸಿಲ್ಲ, ಬೆಳಿಗ್ಗೆ ಹೊತ್ತಿಲ್ಲ ಅಷ್ಟೇ ಎಂದೆ. ಈಗ ಹನಿ ಹಾಕಿ ಉಪಯೋಗವಿಲ್ಲ, ನೋವು ಬರದಿರಲಿ ಎಂದು ಹಾಕುವುದು. ಆದರೂ ಏಳಕ್ಕೆ ಫೋನು ಮಾಡದಿದ್ದರೆ ಕರಬಸವ್ವ ಕಾಯುತ್ತಾಳೆ. ನಿನ್ನೆ ರಾತ್ರಿ ಏನು ಉಂಡೆ, ಓಣಿಯಲ್ಲಿ ಯಾರ ಜಗಳ, ಯಾರ ಸೊಸೆ ಹೆರಿಗೆಗೆ ಹೋದಳು ಎಂದು ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಎಂಟಾಗುತ್ತದೆ.

ಏಪ್ರಿಲ್ 10, ಗುರುವಾರ, ಹಾವೇರಿ

ಕಣ್ಣಿಲ್ಲದವರಿಗೆ ಕೋಲು ಹಿಡಿದು ನಡೆಯುವುದು ಕಲಿಸುತ್ತಾರೆ, ಹೆಸರು ಬರೆಸಬೇಕು ಎಂದು ಡಾಕ್ಟರು ಹೇಳಿದ್ದರು. ಇಲ್ಲಿಯ ಕಲ್ಯಾಣ ಮಂಟಪವೊಂದರಲ್ಲಿ ನೋಂದಣಿ. ಮುಂದಿನ ತಿಂಗಳು ಕಲಿಕೆ, ಫೋನು ಮಾಡಿ ಕರೆಯುತ್ತಾರೆ. ಕರಬಸಪ್ಪನಿಗೆ ಮಾರುಕಟ್ಟೆ ಬಿಡಲು ಆಗಲಿಲ್ಲ. ನಾನೇ ಹೋಗಿ ಕರಕೊಂಡು ಬಂದೆ. ಅವಳು ಯುಗಾದಿಯ ಸೀರೆ ಉಟ್ಟಿದ್ದಳು. ಬಸ್ಸು ಇಳಿಯುವಾಗ ನನ್ನ ಮೊಣಕೈ ಹಿಡಿದಳು, ಆಮೇಲೆ ಬಿಡಲಿಲ್ಲ.

ಒಂದು ಗಂಟೆ ಸಾಲಿನಲ್ಲಿ ನಿಂತೆವು. ನಾನು ಮನಸ್ಸಿನಲ್ಲೇ ಅವಳ ಪೂರ್ತಿ ಹೆಸರು, ಅಡ್ಡಹೆಸರು, ಅಣ್ಣನದಲ್ಲದ ನನ್ನ ಫೋನು ನಂಬರು ಎಲ್ಲ ಹೇಳಿಕೊಳ್ಳುತ್ತಿದ್ದೆ. ಈ ಸಾರಿ ತಪ್ಪಬಾರದು. ಮೇಜಿನ ಹಿಂದೆ ಕಂಪ್ಯೂಟರಿನ ಮುಂದೆ ಕೂತವನು ಪುಂಡಲೀಕ ಎಂಬ ಸ್ವಯಂಸೇವಕ, ನಡುವಯಸ್ಸಿನವನು, ಸಾವಧಾನದ ಮನುಷ್ಯ. ಪ್ರತಿಯೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿಯೇ ಮಾತಾಡಿಸುತ್ತಿದ್ದ.

‘ಹೆಸರ ಹೇಳಬೇ ಯವ್ವಾ,’ ಎಂದ.

‘ಕರಬಸ,’ ಎಂದಳು.

‘ಪೂರಾ ಹೆಸರು?’

‘ಅಷ್ಟ. ಕರಬಸ.’

‘ಕರಬಸವ್ವ ಅಂತ ಬರೀರಿ,’ ಎಂದೆ ನಾನು.

ಅವಳು ನನ್ನ ದನಿ ಬಂದ ಕಡೆ ತಿರುಗಿದಳು, ನನ್ನ ಭುಜದಾಚೆ ಎಲ್ಲಿಗೋ ನೋಡುತ್ತ. ಮುಖದಲ್ಲಿ ಸಿಟ್ಟಿರಲಿಲ್ಲ. ತಿಳಿಯದವರಿಗೆ ತಿಳಿಸಿ ಹೇಳುವ ದನಿ ಇತ್ತು.

‘ಬ್ಯಾಡ್ರಿ ಅಕ್ಕಾರ. ಹೆಂಗೂ ಮುಂದ ಕತ್ತರಸ್ತಾರ. ನಾವ ಮೊದಲ ಕತ್ತರಿಸಿ ಕೊಟ್ರ ಅವರಿಗೂ ತ್ರಾಸಿಲ್ಲ, ನನ್ನ ಹೆಸರೂ ಉಳೀತೈತಿ.’

ಪುಂಡಲೀಕ ನನ್ನ ಮುಖ ನೋಡಿದ. ನಮ್ಮ ಹಿಂದೆ ಸಾಲು ಬೆಳೆದಿತ್ತು. ಅವನು ಅವಳು ಹೇಳಿದ ಹಾಗೆಯೇ ಬರೆದುಕೊಂಡು ಮುಂದಿನವರನ್ನು ಕರೆದ.